ಚಕ್ರ ನೆಟ್ಟಗಿದೆಯಾ?

ಮಾರುತಿ 800 ಕಾರಿನ ಮೊದಲ ಕೀಲಿಕೈ ಗ್ರಾಹಕರ ಕೈಗೆ ಬಂದದ್ದು 1983ರ ಡಿಸೆಂಬರ್ 14ರಂದು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂರು ದಶಕ ರಸ್ತೆಗೆ ಇಳಿಯುತ್ತಲೇ ಇದ್ದ ಗಾಡಿ ಅಷ್ಟು ಸುಲಭವಾಗಿ ಕಣ್ಮರೆಯಾಗುವುದಿಲ್ಲ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅದು ಇನ್ನೂ ಕೆಲವರ ದಿನನಿತ್ಯದ ಗಾಡಿ. ಇನ್ನು ಕೆಲವರಿಗೆ, ಅದರಲ್ಲೂ ಮೂವತ್ತು ದಾಟದ ಹುಡುಗ ಹುಡುಗಿಯರಿಗೆ, ಭಾನುವಾರ ಬಿಚ್ಚಿ ಕಟ್ಟುವ ಪ್ರಾಜೆಕ್ಟ್ ಕಾರು. ಎಂಜಿನ್ನು ಬರೀ 796 ಸಿಸಿ. ಬಾನೆಟ್ ಎತ್ತಿದರೆ ಕೈ ಆಡಿಸಲು ಜಾಗವಿದೆ. ಬಿಡಿಭಾಗ ಹೊಸದು ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದು ಸಾಕಾದರೆ ಶಿವಾಜಿನಗರದ ಗುಜರಿ.

ಹೀಗೆ ಮನೆಯಲ್ಲೇ ಕಾರು ಬಿಚ್ಚುವವರು ಆಯಿಲ್ ಬದಲಿಸುತ್ತಾರೆ, ಬ್ರೇಕ್ ಪ್ಯಾಡ್ ಬದಲಿಸುತ್ತಾರೆ, ಧೈರ್ಯ ಬಂದ ಮೇಲೆ ಕ್ಲಚ್ ಪ್ಲೇಟಿಗೂ ಕೈ ಹಾಕುತ್ತಾರೆ. ವೀಲ್ ಅಲೈನ್‌ಮೆಂಟ್ ಎಂದಾಗ ಮಾತ್ರ ಬಹುತೇಕರು ಮೆಷಿನ್ ಇರುವ ಅಂಗಡಿಯ ದಾರಿ ಹಿಡಿಯುತ್ತಾರೆ. ಹಿಡಿಯಲೇಬೇಕೇ? ಹಾಸನದ ಒಂದು ಮನೆಯ ಶೆಡ್ಡಿನಲ್ಲಿ ಇದೇ ಪ್ರಶ್ನೆ ಇಬ್ಬರನ್ನು ಒಂದಿಡೀ ಬೆಳಗ್ಗೆ ಮಾತಿಗೆ ಹಚ್ಚಿತು. ಒಬ್ಬಳು ಎಂಜಿನಿಯರಿಂಗ್ ಓದಿದ ಯುವತಿ. 1990ರ ದಶಕದ ಒಂದು 800 ಅವಳ ಪ್ರಾಜೆಕ್ಟು, ದಿನದ ಓಡಾಟಕ್ಕೆ ವ್ಯಾಗನ್ ಆರ್. ಇನ್ನೊಬ್ಬರು ಬಿ.ಎಂ. ರಸ್ತೆಯಲ್ಲಿ ಗ್ಯಾರೇಜು ನಡೆಸಿದ ಹಿರಿಯ ಮೇಸ್ತ್ರಿ. ಅಂಬಾಸಿಡರ್, ಫಿಯಟ್ಟುಗಳ ಕಾಲದಲ್ಲಿ ಪಾನಾ ಹಿಡಿದವರು. ಅವರು ಬಂದಾಗ 800ರ ಎರಡೂ ಪಕ್ಕದಲ್ಲಿ, ಚಕ್ರದ ನಡುಮಟ್ಟಕ್ಕೆ, ಉದ್ದಕ್ಕೆ ದಾರ ಬಿಗಿದಿತ್ತು.

ಮೇಸ್ತ್ರಿ: ಏನಮ್ಮ ಇದು, ಗಾರೆಯವರ ಥರ ದಾರ ಕಟ್ಟಿದ್ದೀಯ?

ಯುವತಿ: ಅಲೈನ್‌ಮೆಂಟ್ ನೋಡ್ತಾ ಇದ್ದೀನಿ ಮೇಸ್ತ್ರಿ. ಮೀನಿನ ಗಾಳದ ದಾರ, ಒಂದು ಸ್ಟೀಲ್ ಸ್ಕೇಲು, ದಾರ ಕಟ್ಟೋಕೆ ನಾಲ್ಕು ಸ್ಟ್ಯಾಂಡು. ಬೇಕಾಗಿರೋದು ಇಷ್ಟೇ.

ಮೇಸ್ತ್ರಿ: ಐನೂರು ರೂಪಾಯಿ ಆಸುಪಾಸಿನಲ್ಲಿ ಮುಗಿಯೋ ಕೆಲಸ. ಗಾಡಿ ತಗೊಂಡು ಹೋಗಿ ನಿಲ್ಲಿಸಿದ್ರೆ ಟೀ ಕುಡಿದು ಬರೋ ಹೊತ್ತಿಗೆ ಆಗಿರುತ್ತೆ. ಅದಕ್ಕೆ ಭಾನುವಾರ ಪೂರ್ತಿ ಯಾಕೆ ಕಳೀತೀಯ?

ಯುವತಿ: ದುಡ್ಡಿನ ಮಾತಲ್ಲ ಮೇಸ್ತ್ರಿ. ಶಿರಾಡಿ ಘಾಟಿಯಲ್ಲಿ ವ್ಯಾಗನ್ ಆರ್ ಗುಂಡಿಗೆ ಬಿತ್ತು. ಆವತ್ತಿಂದ ನೇರ ರಸ್ತೆಯಲ್ಲೂ ಸ್ಟೇರಿಂಗ್ ಎಡಕ್ಕೆ ಓರೆ. ಅಲೈನ್‌ಮೆಂಟ್ ಮಾಡಿಸ್ದೆ. ಪ್ರಿಂಟೌಟ್ ಕೊಟ್ರು, ಅದರಲ್ಲಿ ಎಲ್ಲಾ ಹಸಿರು. ಆಚೆ ಬಂದು ಓಡಿಸಿದ್ರೆ ಸ್ಟೇರಿಂಗ್ ಇನ್ನೂ ಓರೆನೇ. ಕೇಳಿದ್ದಕ್ಕೆ ‘ಮೆಷಿನ್ ಸರಿ ತೋರಿಸ್ತಿದೆ ಮೇಡಂ’ ಅಂದ್ರು. ಅವರು ಏನು ಅಳೆದ್ರು, ಯಾವುದನ್ನ ತಿರುಗಿಸಿದ್ರು ಅಂತ ನನಗೆ ಗೊತ್ತಾಗಬೇಕು. ಗೊತ್ತಿಲ್ಲದೆ ಹಸಿರು ಬಣ್ಣಕ್ಕೆ ದುಡ್ಡು ಕೊಡೋದು ಹೇಗೆ?

ಮೇಸ್ತ್ರಿ: ಅದು ಮೆಷಿನ್ ತಪ್ಪಲ್ಲ, ಮೆಷಿನ್ ಮುಂದೆ ನಿಂತವನ ತಪ್ಪು. ಸ್ಟೇರಿಂಗನ್ನ ಮೊದಲು ನೆಟ್ಟಗೆ ಹಿಡಿದು, ಕ್ಲಾಂಪ್ ಹಾಕಿ ಕಟ್ಟಿ, ಆಮೇಲೆ ಟೈ ರಾಡ್ ಮುಟ್ಟಬೇಕು. ಅವನು ಕಟ್ಟಿಲ್ಲ. ಎರಡು ಚಕ್ರದ ಲೆಕ್ಕ ಕೂಡಿದ್ರೆ ಸರಿ ಬಂದಿದೆ, ಹಂಚಿಕೆ ಸರಿ ಇಲ್ಲ. ಒಂದು ಕಡೆ ರಾಡು ಎಷ್ಟು ಉದ್ದ ಮಾಡ್ತೀವೋ ಇನ್ನೊಂದು ಕಡೆ ಅಷ್ಟೇ ಗಿಡ್ಡ ಮಾಡಿದ್ರೆ ಸ್ಟೇರಿಂಗ್ ನೆಟ್ಟಗಾಗುತ್ತೆ, ಟೋ ಬದಲಾಗಲ್ಲ. ಹತ್ತು ನಿಮಿಷದ ಕೆಲಸ. ಕೆಲವರು ಸ್ಟೇರಿಂಗ್ ವೀಲನ್ನೇ ಕಳಚಿ ನೆಟ್ಟಗೆ ಕೂರಿಸಿಬಿಡ್ತಾರೆ. ಅದು ಮೋಸ. ರ‍್ಯಾಕ್ ನಡುವಿಗೆ ಇರಲ್ಲ. ಎಡಕ್ಕೆ ತಿರುಗಿದಷ್ಟು ಬಲಕ್ಕೆ ತಿರುಗಲ್ಲ. ಏರ್‌ಬ್ಯಾಗ್ ಇರೋ ಗಾಡಿಯಲ್ಲಂತೂ ಅದನ್ನ ಮುಟ್ಟಲೇಬಾರದು.

ಟೋ ಎಂದರೆ ಏನೆಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕಾರನ್ನು ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳು, ನಡೆಯುವ ಮನುಷ್ಯನ ಪಾದಗಳ ಹಾಗೆ, ಒಳಮುಖವಾಗಿ ಅಥವಾ ಹೊರಮುಖವಾಗಿ ಇರಬಹುದು. ಆ ಓರೆಯೇ ಟೋ. ಅದನ್ನು ತಿದ್ದುವುದು ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಉದ್ದ ಬದಲಿಸಿ. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಚಕ್ರ ಯಾವ ಅಕ್ಷದ ಮೇಲೆ ಎಡ ಬಲಕ್ಕೆ ಹೊರಳುತ್ತದೋ ಆ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ಒರಗಿರುವ ಕೋನ ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರುವುದು ಬಹುಮಟ್ಟಿಗೆ ಇದರಿಂದ. ಮೂರರಲ್ಲಿ ಟೈರನ್ನು ಅತಿ ಬೇಗ ತಿನ್ನುವುದು ತಪ್ಪಿದ ಟೋ.

ಯುವತಿ: ನೀವು ಈಗ ಹೇಳಿದ್ದನ್ನ ಆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಅದಕ್ಕೇ ನಾನೇ ಅಳೀತೀನಿ ಅನ್ನೋದು. ನೋಡಿ, 800ದು 12 ಇಂಚಿನ ರಿಮ್ಮು. ಹೊರ ಅಂಚಿನಿಂದ ಅಂಚಿಗೆ ಸುಮಾರು 330 ಮಿಲಿಮೀಟರ್. ರಿಮ್ಮಿನ ಮುಂದಿನ ಅಂಚಿಗೂ ದಾರಕ್ಕೂ ಎಷ್ಟು, ಹಿಂದಿನ ಅಂಚಿಗೂ ದಾರಕ್ಕೂ ಎಷ್ಟು, ಅಂತ ನೋಡಿದೆ. ಎರಡೂ ಚಕ್ರದಲ್ಲಿ ಮುಂದಿನ ಅಂಚು ದಾರಕ್ಕೆ 2 ಮಿಲಿಮೀಟರ್ ಹತ್ತಿರ ಇದೆ. ಅಂದ್ರೆ ಮುಂದುಗಡೆ ಅಗಲ, ಟೋ ಔಟ್. 330ಕ್ಕೆ 2 ಅಂದ್ರೆ ಕಿಲೋಮೀಟರಿಗೆ 6 ಮೀಟರ್. ಒಂದು ಕಿಲೋಮೀಟರ್ ಓಡಿದ್ರೆ ಪ್ರತಿ ಟೈರು 6 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡ ಲೆಕ್ಕ. ಬೆಂಗಳೂರಿಗೆ ಹೋಗೋ ಹೊತ್ತಿಗೆ ಒಂದು ಕಿಲೋಮೀಟರಿಗಿಂತ ಜಾಸ್ತಿ ಅಡ್ಡಡ್ಡ ಎಳೆದ ಹಾಗೆ!

ಮೇಸ್ತ್ರಿ: ಲೆಕ್ಕ ಚೆನ್ನಾಗಿದೆ. ಅಷ್ಟು ಲೆಕ್ಕ ಹಾಕದೇನೂ ಗೊತ್ತಾಗುತ್ತೆ. ಅಂಗೈ ಟೈರಿನ ಮೇಲೆ ಅಡ್ಡಕ್ಕೆ ಆಡಿಸು. ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಬರುವಾಗ ಚೂಪು. ಹಾಗಿದ್ರೆ ಟೋ ಹೋಗಿದೆ ಅಂತ. ಎರಡೂ ಅಂಚು ಸವೆದು ನಡು ಉಳಿದಿದ್ರೆ ಗಾಳಿ ಕಡಿಮೆ, ನಡು ಸವೆದಿದ್ರೆ ಗಾಳಿ ಜಾಸ್ತಿ. ಅಲ್ಲೊಂದು ಇಲ್ಲೊಂದು ಗುಳಿ ಬಿದ್ದಿದ್ರೆ ಶಾಕ್ ಅಬ್ಸಾರ್ಬರ್ ನೋಡಬೇಕು. 80ರ ಮೇಲೆ ಸ್ಟೇರಿಂಗ್ ನಡುಗಿದ್ರೆ ಜನ ಅಲೈನ್‌ಮೆಂಟ್ ಅಂತ ಓಡಿ ಬರ್ತಾರೆ. ಅದು ಬ್ಯಾಲೆನ್ಸಿಂಗ್ ತೊಂದರೆ, ಅಲೈನ್‌ಮೆಂಟಿಗೂ ಅದಕ್ಕೂ ಸಂಬಂಧ ಇಲ್ಲ.

ಯುವತಿ: ನೀವು ಟೈರು ಸವೆದ ಮೇಲೆ ಹೇಳ್ತೀರ, ನಾನು ಸವೆಯೋ ಮುಂಚೆ ಹೇಳ್ತೀನಿ.

ಮೇಸ್ತ್ರಿ ಆ ಮಾತಿಗೆ ತಲೆದೂಗಿದರು. ಆದರೆ ಸೋಲೊಪ್ಪಿಕೊಂಡದ್ದಲ್ಲ. ದಾರವನ್ನು ಬೆರಳಿನಿಂದ ಮೀಟಿ, ಶೆಡ್ಡಿನ ನೆಲವನ್ನು ನೋಡಿ, ಒಂದೊಂದಾಗಿ ಪ್ರಶ್ನೆ ತೆಗೆದರು. ಅಳತೆ ಗೊತ್ತಿದ್ದವರು ಮಾತ್ರ ಕೇಳಬಲ್ಲ ಪ್ರಶ್ನೆಗಳು ಅವು.

ಮೇಸ್ತ್ರಿ: ದಾರ ಗಾಡಿಗೆ ಸಮಾನಾಂತರ ಇದೆ ಅಂತ ಹೇಗೆ ಗೊತ್ತು?

ಯುವತಿ: ಮುಂದಿನ ಚಕ್ರಗಳ ನಡುವಿನ ಅಗಲ, ಹಿಂದಿನವುಗಳ ಅಗಲ ಒಂದೇ ಅಲ್ಲ. ಅದಕ್ಕೇ ಟೈರಿಗೆ ತಾಗಿಸಿ ಕಟ್ಟಿಲ್ಲ. ಮುಂದಿನ ಎಡ ಹಬ್ಬಿನಿಂದ ದಾರಕ್ಕೆ ಎಷ್ಟೋ ಬಲ ಹಬ್ಬಿನಿಂದಲೂ ಅಷ್ಟೇ ಬರೋ ಹಾಗೆ, ಹಿಂದೆಯೂ ಹಾಗೇ ಹೊಂದಿಸಿದ್ದೀನಿ. ಎರಡು ದಾರದ ನಡುವಿನ ಅಂತರ ಮುಂದೆ ಹಿಂದೆ ಒಂದೇ.

ಮೇಸ್ತ್ರಿ: ರಿಮ್ಮೇ ಸೊಟ್ಟ ಇದ್ರೆ?

ಯುವತಿ: ಒಂದು ಸಲ ಅಳೆದು, ಚಕ್ರ ಅರ್ಧ ಸುತ್ತು ಉರುಳೋ ಹಾಗೆ ಗಾಡಿ ತಳ್ಳಿ, ಇನ್ನೊಂದು ಸಲ ಅಳೆದು ಸರಾಸರಿ ತಗೊಂಡೆ.

ಮೇಸ್ತ್ರಿ: ಜಾಕ್ ಇಳಿಸಿದ ತಕ್ಷಣ ಅಳೆದೆಯಾ?

ಯುವತಿ: ಇಲ್ಲ. ಜಾಕ್ ಇಳಿಸಿದಾಗ ಟೈರು ನೆಲ ಕಚ್ಚಿ ಒಳಕ್ಕೆ ಎಳೆದುಕೊಂಡು ನಿಂತಿರುತ್ತೆ. ಗಾಡಿ ಹಿಂದೆ ಮುಂದೆ ಉರುಳಿಸಿ, ಬಾನೆಟ್ ಒತ್ತಿ ಒತ್ತಿ ಕೂರಿಸಿದೆ. ಮುಂದಿನ ಟೈರಿನ ಕೆಳಗೆ ಎರಡೆರಡು ತಗಡು, ನಡುವೆ ಗ್ರೀಸ್. ಚಕ್ರ ಸಲೀಸಾಗಿ ಹೊರಳುತ್ತೆ.

ಮೇಸ್ತ್ರಿ: ನೆಲ? ಈ ಶೆಡ್ಡು ಗೇಟಿನ ಕಡೆ ಇಳಿಜಾರು. ಮಳೆನೀರು ಹೋಗಲಿ ಅಂತ ಕಟ್ಟುವಾಗಲೇ ಬಿಟ್ಟಿರ್ತಾರೆ.

ಯುವತಿ: ಉದ್ದದ ಇಳಿಜಾರು ಟೋ ಅಳತೆಗೆ ಅಷ್ಟು ತೊಂದರೆ ಇಲ್ಲ. ಅಡ್ಡದ ಇಳಿಜಾರು ಕ್ಯಾಂಬರನ್ನ ಕೆಡಿಸುತ್ತೆ. ಚಕ್ರಗಳ ನಡುವೆ 1200 ಮಿಲಿಮೀಟರ್ ಅಂತ ಇಟ್ಕೊಳಿ, 10 ಮಿಲಿಮೀಟರ್ ವ್ಯತ್ಯಾಸ ಇದ್ರೆ ಅರ್ಧ ಡಿಗ್ರಿ ತಪ್ಪು ಓದು. ಗಾರೆಯವರ ನೀರಿನ ಪೈಪ್ ತಂದು ಮಟ್ಟ ನೋಡಿ, ತಗ್ಗಿರೋ ಕಡೆ ಟೈಲ್ಸ್ ಕೊಟ್ಟಿದ್ದೀನಿ.

ಮೇಸ್ತ್ರಿ: ಭೇಷ್. ನಮ್ಮ ಗ್ಯಾರೇಜಿನ ಹುಡುಗರಿಗೆ ಇದರಲ್ಲಿ ಅರ್ಧ ಗೊತ್ತಿದ್ರೆ ಸಾಕಿತ್ತು.

ಯುವತಿ: ಮೆಷಿನ್ ಬರೋ ಮುಂಚೆ ನೀವು ಹೇಗೆ ಮಾಡ್ತಿದ್ರಿ?

ಮೇಸ್ತ್ರಿ: ಮುಂದಿನ ಚಕ್ರ ಎತ್ತಿ, ಟೈರಿಗೆ ಸುತ್ತ ಸುಣ್ಣ ಬಳಿದು, ಚಕ್ರ ತಿರುಗಿಸುತ್ತಾ ಒಂದು ಮೊಳೆ ಅಲುಗಾಡದ ಹಾಗೆ ಹಿಡಿದ್ರೆ ಸುತ್ತಲೂ ಗೆರೆ ಬೀಳುತ್ತೆ. ಎರಡೂ ಟೈರಿಗೆ ಹಾಗೆ ಗೆರೆ. ಗಾಡಿ ಇಳಿಸಿ, ಉರುಳಿಸಿ, ಗೆರೆಯಿಂದ ಗೆರೆಗೆ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಒಂದು ಉದ್ದ ರಾಡಿನಲ್ಲಿ ನೋಡ್ತಿದ್ದೆವು. ರಿಮ್ ಸೊಟ್ಟ ಇದ್ರೂ ಗೆರೆ ಸೊಟ್ಟ ಬರಲ್ಲ.

ಯುವತಿ: ಹಾಗಾದ್ರೆ ನೀವು ಮೊಳೆ ಹಿಡಿದು ಮಾಡಿದ್ದು ಸರಿ, ನಾನು ದಾರ ಹಿಡಿದು ಮಾಡಿದ್ರೆ ತಪ್ಪಾ?

ಮೇಸ್ತ್ರಿ: ಆಗ ಅಂಬಾಸಿಡರ್ 60ರಲ್ಲಿ ಹೋಗ್ತಿತ್ತು ಕಣಮ್ಮ. ಈಗ ಹಾಸನದಿಂದ ನೆಲಮಂಗಲದವರೆಗೆ ನಾಲ್ಕು ಪಥ, ಎಲ್ಲರೂ 100ರಲ್ಲಿ. ಆ ವೇಗದಲ್ಲಿ ಕಣ್ಣಳತೆ ಸಾಲದು.

ಯುವತಿ: ಕಣ್ಣಳತೆ ಅಲ್ಲ. 330 ಮಿಲಿಮೀಟರಿನಲ್ಲಿ ಒಂದು ಮಿಲಿಮೀಟರ್ ಅಂದ್ರೆ ಸುಮಾರು 10 ಮಿನಿಟ್ ಕೋನ, ಡಿಗ್ರಿಯ ಆರನೇ ಒಂದು ಭಾಗ. ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ಓದಬಹುದು. ಕಾರಿನ ಕೈಪಿಡಿಯಲ್ಲಿ ಟೋಗೆ ಇಷ್ಟು ಪ್ಲಸ್ ಇಷ್ಟು ಮೈನಸ್ ಅಂತ ಕೊಡ್ತಾರಲ್ಲ, ಅದಕ್ಕೆ ಇಷ್ಟು ಸೂಕ್ಷ್ಮ ಸಾಕು.

ಲೆಕ್ಕದಲ್ಲಿ ಅವಳನ್ನು ತಪ್ಪು ಹಿಡಿಯುವಂತಿಲ್ಲ. ಇಂದಿನ ತ್ರೀಡಿ ಮೆಷಿನ್ನುಗಳು ಚಕ್ರಕ್ಕೆ ಸಿಕ್ಕಿಸಿದ ಫಲಕಗಳನ್ನು ಕ್ಯಾಮರಾದಿಂದ ನೋಡುತ್ತವೆ. ಗಾಡಿಯನ್ನು ತುಸು ಹಿಂದೆ ಮುಂದೆ ಉರುಳಿಸಿ ರಿಮ್ಮಿನ ಸೊಟ್ಟವನ್ನು ಲೆಕ್ಕದಿಂದ ತೆಗೆಯುತ್ತವೆ. ಕೆಲವೇ ನಿಮಿಷಗಳಲ್ಲಿ ನಾಲ್ಕೂ ಚಕ್ರಗಳ ಕೋನ ಕೊಡುತ್ತವೆ. ಯುವತಿ ಅರ್ಧ ದಿನ ಬೆವರಿ ಮಾಡಿದ್ದೂ ಅದೇ ರೇಖಾಗಣಿತ. ವೇಗ, ಸೂಕ್ಷ್ಮತೆ ಮೆಷಿನ್ನಿನ ಪಾಲು. ಏನು ನಡೆಯುತ್ತಿದೆ ಎಂಬ ಅರಿವು ಅವಳ ಪಾಲು. ಆದರೆ ಮೇಸ್ತ್ರಿಯ ನಿಜವಾದ ಆಕ್ಷೇಪ ಅಳತೆಯ ಬಗ್ಗೆ ಇರಲೇ ಇಲ್ಲ. ಅವರು 800ರ ಮುಂದಿನ ಎಡಚಕ್ರವನ್ನು ಜಾಕ್ ಕೊಟ್ಟು ಎತ್ತಿಸಿ, ಕೆಳಗೆ ಸ್ಟ್ಯಾಂಡ್ ಇಡಿಸಿದರು.

ಮೇಸ್ತ್ರಿ: ಗಡಿಯಾರದ 9, 3 ಇರೋ ಜಾಗದಲ್ಲಿ ಎರಡೂ ಕೈ ಹಿಡಿದು ಅಲ್ಲಾಡಿಸು.

ಯುವತಿ: ಟಕ್ ಟಕ್ ಅಂತಿದೆ.

ಮೇಸ್ತ್ರಿ: ಟೈ ರಾಡ್ ಎಂಡ್ ಪ್ಲೇ. ಈಗ 12, 6ರಲ್ಲಿ ಹಿಡಿ. ಅಲ್ಲೂ ಆಡಿದ್ರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಬೇಕು. ಒತ್ತಿದಾಗ ನಿಂತ್ರೆ ಬೇರಿಂಗು, ಆಗಲೂ ಆಡ್ತಿದ್ರೆ ಬಾಲ್ ಜಾಯಿಂಟು. ನಿನ್ನದು ಅಲ್ಲಿ ಗಟ್ಟಿ ಇದೆ. ಆದರೆ ಟೈ ರಾಡ್ ಎಂಡಿನಲ್ಲಿ ಇಷ್ಟು ಸಡಿಲ ಇಟ್ಕೊಂಡು ಅರ್ಧ ಮಿಲಿಮೀಟರ್ ಓದಿ ಏನು ಪ್ರಯೋಜನ? ನಿಂತಾಗ ಒಂದು ಟೋ, ಓಡುವಾಗ ಒಂದು ಟೋ, ಬ್ರೇಕ್ ಒತ್ತಿದಾಗ ಇನ್ನೊಂದು. ಮೊದಲು ಸಡಿಲ ತೆಗಿ. ಅಳತೆ ಆಮೇಲೆ.

ಯುವತಿ: ಇದನ್ನ ನಾನು ನೋಡಬೇಕಿತ್ತು. ಸರಿ. ಆದರೆ ಮೇಸ್ತ್ರಿ, ಅಲೈನ್‌ಮೆಂಟ್ ಅಂಗಡಿಯಲ್ಲೂ ಯಾರೂ ನೋಡಲಿಲ್ಲವಲ್ಲ! ರ‍್ಯಾಂಪಿಗೆ ಹತ್ತಿಸಿದ್ರು, ಫಲಕ ಸಿಕ್ಕಿಸಿದ್ರು, ಗಾಳಿ ಕೂಡ ನೋಡದೆ ಶುರು ಮಾಡಿದ್ರು. ಸಡಿಲ ಇರೋ ಗಾಡಿಗೆ ಅಲೈನ್‌ಮೆಂಟ್ ಮಾಡಿ ದುಡ್ಡು ತಗೊಳ್ಳೋದೂ ತಪ್ಪೇ ತಾನೆ?

ಮೇಸ್ತ್ರಿ: ತಪ್ಪೇ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಅಂತ ಒತ್ತಡ ಇರುತ್ತೆ. ಚಕ್ರ ಎತ್ತಿ ಅಲ್ಲಾಡಿಸಿ ನೋಡೋಕೆ ಯಾರೂ ದುಡ್ಡು ಕೊಡಲ್ಲ. ಪಾರ್ಟ್ ಹೋಗಿದೆ ಅಂದ್ರೆ ‘ಸುಮ್ಮನೆ ಬಿಲ್ ಏರಿಸ್ತಾರೆ’ ಅನ್ನೋ ಗಿರಾಕಿಯೂ ಇದ್ದಾರೆ.

ಯುವತಿ: ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಲೋಯರ್ ಆರ್ಮಿಗೆ ಹೊಸ ಬುಷ್ ಹಾಕಿದಾಗ ನಿಮ್ಮ ಗ್ಯಾರೇಜಿನಲ್ಲಿ ಬೋಲ್ಟು ಯಾವಾಗ ಬಿಗಿ ಮಾಡ್ತಿದ್ರು? ಗಾಡಿ ಎತ್ತಿದ್ದಾಗಲಾ, ಇಳಿಸಿದ ಮೇಲಾ?

ಮೇಸ್ತ್ರಿ: ಇಳಿಸಿದ ಮೇಲೆ ಮಾಡಬೇಕು. ಗಾಡಿಯ ತೂಕ ಚಕ್ರದ ಮೇಲೆ ಬಿದ್ದಾಗ ಆರ್ಮ್ ಯಾವ ಮಟ್ಟಕ್ಕೆ ನಿಲ್ಲುತ್ತೋ ಆ ಮಟ್ಟದಲ್ಲಿ ಬಿಗಿ ಮಾಡಬೇಕು. ಇಲ್ಲ ಅಂದ್ರೆ ರಬ್ಬರ್ ತಿರುಚಿಕೊಂಡೇ ಕೂತಿರುತ್ತೆ, ಬೇಗ ಹರಿಯುತ್ತೆ. ಮಾಡಬೇಕು ಅಂತ ಗೊತ್ತು. ಹುಡುಗರು ನೇತಾಡ್ತಿದ್ದಾಗಲೇ ಬಿಗಿ ಮಾಡಿ ಮುಗಿಸಿದ್ದೂ ಇದೆ. ಇಳಿಸಿದ ಮೇಲೆ ಕೈ ಹೋಗಲ್ಲ, ಪಿಟ್ ಬೇಕು.

ಯುವತಿ: ಮನೆಯಲ್ಲಿ ಮಾಡುವವರಿಗೆ ಆ ಅವಸರ ಇಲ್ಲ. ನಾನು ಆಗಲ್ಲ ಅಂದ್ರೆ ನಾಳೆ ಮಾಡ್ತೀನಿ. ನನ್ನ ವಾದ ಅಷ್ಟೇ.

ಮೇಸ್ತ್ರಿ: ಅವಸರ ಇಲ್ಲ ನಿಜ. ಅನುಭವವೂ ಇಲ್ಲ. ಟೈ ರಾಡ್ ಎಂಡ್ ಬಿಚ್ಚೋದು ಹೇಗೆ ಹೇಳು.

ಯುವತಿ: ಮೊದಲು ಚೆಕ್‌ನಟ್ ಎಲ್ಲಿದೆ ಅಂತ ಗುರುತು. ಆಮೇಲೆ ಕಾಟರ್ ಪಿನ್ ತೆಗೆದು, ನಟ್ಟು ಸಡಿಲ ಮಾಡಿ, ಪುಲ್ಲರ್ ಹಾಕಿ...

ಮೇಸ್ತ್ರಿ: ಪುಲ್ಲರ್ ಇಲ್ಲ ಅಂದ್ರೆ?

ಯುವತಿ: ಬೋಲ್ಟಿನ ತುದಿಗೆ ಸುತ್ತಿಗೆ ಏಟು ಕೊಡಬಾರದು, ಥ್ರೆಡ್ ಹೋಗುತ್ತೆ. ಅದು ಕೂತಿರೋ ಕಿವಿಯ ಪಕ್ಕಕ್ಕೆ ಕೊಟ್ರೆ ಬಿಡುತ್ತೆ.

ಮೇಸ್ತ್ರಿ: ಹೊಸದು ಹಾಕಿ ಬಿಗಿ ಮಾಡಿದೆ. ಕಾಟರ್ ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಯಾಗಿ ಬರಲಿಲ್ಲ. ಏನು ಮಾಡ್ತೀಯ?

ಯುವತಿ: ಸ್ವಲ್ಪ ಸಡಿಲ ಮಾಡಿ ಹೊಂದಿಸ್ತೀನಿ.

ಮೇಸ್ತ್ರಿ: ಅಲ್ಲೇ ನೋಡು! ಸಡಿಲ ಮಾಡಬಾರದು. ಇನ್ನೂ ತುಸು ಬಿಗಿ ಮಾಡಿ ಮುಂದಿನ ಸೀಳಿಗೆ ತರಬೇಕು. ಪುಸ್ತಕದಲ್ಲಿ ಒಂದು ಸಾಲು ಇರುತ್ತೆ, ಕಣ್ಣು ತಪ್ಪಿಸಿ ಹೋಗುತ್ತೆ. ಬ್ರೇಕ್, ಸ್ಟೇರಿಂಗ್ ಎರಡರಲ್ಲಿ ಕಣ್ಣು ತಪ್ಪಿದ್ರೆ ಬೆಲೆ ಕೊಡೋಳು ನೀನೊಬ್ಬಳೇ ಅಲ್ಲ. ಎದುರಿಗೆ ಬರೋ ಬೈಕಿನವನೂ ಕೊಡ್ತಾನೆ.

ಸ್ವಲ್ಪ ಹೊತ್ತು ಇಬ್ಬರೂ ಕೆಲಸದಲ್ಲಿ ಮುಳುಗಿದರು. ಮೇಸ್ತ್ರಿಯ ಎಚ್ಚರಿಕೆಯನ್ನು ಹಳಬರ ಅಂಜಿಕೆ ಎಂದು ತಳ್ಳಿಹಾಕುವಂತಿಲ್ಲ. ಜಾಕ್ ಇರುವುದು ಎತ್ತಲಿಕ್ಕೆ. ಹಿಡಿದಿಡಲಿಕ್ಕೆ ಸ್ಟ್ಯಾಂಡೇ ಬೇಕು. ಸಿಮೆಂಟಿನ ಟೊಳ್ಳು ಇಟ್ಟಿಗೆ ಇಟ್ಟು ಗಾಡಿಯ ಕೆಳಗೆ ನುಸುಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಸ್ಟ್ರಟ್ಟಿನ ಸ್ಪ್ರಿಂಗ್ ಇನ್ನೂ ಅಪಾಯದ್ದು. ಕಂಪ್ರೆಸರ್ ಜಾರಿದರೆ ಅದುಮಿಟ್ಟ ಸ್ಪ್ರಿಂಗ್ ಎದುರಿಗಿದ್ದವರ ಮೇಲೆ ಹಾರುತ್ತದೆ. ಮನೆಗೆಲಸಕ್ಕೆ ಒಂದು ಗೆರೆ ಎಳೆಯುವುದಿದ್ದರೆ ಅದನ್ನು ಈ ಸ್ಪ್ರಿಂಗಿನ ಈಚೆಗೇ ಎಳೆಯುವುದು ಒಳ್ಳೆಯದೆಂದು ಈ ಲೇಖಕನ ಅಭಿಪ್ರಾಯ.

ಆದರೆ ಯುವತಿಯ ಮಾತಿಗೂ ಕಾನೂನಿನಿಂದಲೇ ಒಂದು ಬಲ ಬರುತ್ತದೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಷ್ಟೂ ಕಾಲ ಅದರ ಸ್ಟೇರಿಂಗ್ ಜಾಯಿಂಟನ್ನು ಯಾರಾದರೂ ಪರೀಕ್ಷಿಸಲೇಬೇಕೆಂಬ ಕಟ್ಟಳೆಯಿಲ್ಲ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆ. ಸ್ಟೇರಿಂಗ್, ಸಸ್ಪೆನ್ಷನ್ ಸಡಿಲ ಅದರಲ್ಲಿ ಸೇರಿದೆ. ಇಲ್ಲಿ ಆ 15 ವರ್ಷ ಕಾರನ್ನು ಕಾಯಬೇಕಾದವರು ಮಾಲೀಕರೇ.

ಯುವತಿ: ಹಳದಿ ಬೋರ್ಡಿನ ಗಾಡಿಗೆ ಎಫ್.ಸಿ. ಇದೆ. ನನ್ನ ವ್ಯಾಗನ್ ಆರ್ ಕೆಳಗೆ ಯಾರು ನೋಡ್ತಾರೆ ಹೇಳಿ? ನಾನು ನೋಡದಿದ್ರೆ ಯಾರೂ ಇಲ್ಲ. ಮನೆಯಲ್ಲಿ ಬಿಚ್ಚೋದು ಅಪಾಯ ಅಂತೀರಿ. ಏನೂ ಗೊತ್ತಿಲ್ಲದೆ ಓಡಿಸೋದು ಅದಕ್ಕಿಂತ ಅಪಾಯ ಅಲ್ವಾ?

ಮೇಸ್ತ್ರಿ: ನೋಡು ಅಂತ ನಾನೂ ಹೇಳ್ತೀನಿ. ನೋಡೋದು ಬೇರೆ, ಬಿಚ್ಚೋದು ಬೇರೆ.

ಯುವತಿ: ಬಿಚ್ಚದೆ ನೋಡೋಕೆ ಬರಲ್ಲ ಮೇಸ್ತ್ರಿ. ನೀವು ಬಿಚ್ಚಿ ಬಿಚ್ಚಿ ತಾನೆ ಕಲಿತಿದ್ದು?

ಮೇಸ್ತ್ರಿ: ನನ್ನ ಪಕ್ಕದಲ್ಲಿ ನನ್ನ ಮೇಸ್ತ್ರಿ ನಿಂತಿದ್ದರು. ತಪ್ಪಿದಾಗ ಕೈ ಮೇಲೆ ಏಟು ಬೀಳ್ತಿತ್ತು. ನಿನ್ನ ಪಕ್ಕದಲ್ಲಿ ಯಾರಿದ್ದಾರೆ?

ಯುವತಿ: ಈಗ ನೀವಿದ್ದೀರಲ್ಲ.

ಮಾತು ಅಲ್ಲಿಂದ ಹಳೆಯ ಗಾಡಿಗಳ ಕಡೆ ಹೊರಳಿತು. ಮೇಸ್ತ್ರಿಗೆ ಇದು ಪ್ರೀತಿಯ ವಿಷಯ. ಕಾರು ಬಿಚ್ಚುವವರಿಗೆಲ್ಲ ತಿಳಿದಿರಬೇಕಾದ ವಿಷಯವೂ ಹೌದು.

ಮೇಸ್ತ್ರಿ: ಫಿಯಟ್ಟಿನಲ್ಲಿ ಶಿಮ್ ತಗಡು ಸೇರಿಸಿ, ತೆಗೆದು ಕ್ಯಾಂಬರ್ ತರ್ತಿದ್ದೆವು. ಅಂಬಾಸಿಡರಿಗೆ ಮುಂದೆ ಟಾರ್ಷನ್ ಬಾರ್. ಅದು ಸೋತು ಗಾಡಿ ಒಂದು ಕಡೆ ಕೂತ್ರೆ ಕ್ಯಾಂಬರೂ ಜೊತೆಗೆ ಹೋಗೋದು. ಬಾರ್ ಸರಿ ಮಾಡಿ ಎತ್ತರ ತಂದ ಮೇಲೆ ಮಿಕ್ಕಿದ್ದು. ನಿನ್ನ 800ರಲ್ಲಿ ಅದೆಲ್ಲ ಏನಿಲ್ಲ, ಟೋ ಒಂದೇ ಕೈಗೆ ಸಿಗೋದು.

ಯುವತಿ: ಮ್ಯಾಕ್‌ಫರ್ಸನ್ ಸ್ಟ್ರಟ್ಟು ಬಂದಿದ್ದೇ ಭಾಗ ಕಡಿಮೆ ಮಾಡೋಕೆ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಿಗೆ ಹಾಕಿದ್ರು. ಈಗ ಸಣ್ಣ ಕಾರು ಅಂದ್ರೆ ಮುಂದೆ ಹೆಚ್ಚೂಕಡಿಮೆ ಅದೇ. ಹೊಂದಿಸೋದಕ್ಕೆ ಕಡಿಮೆ ಇದ್ರೆ ಮನೆಯಲ್ಲಿ ಮಾಡೋದೂ ಸುಲಭ ಅಲ್ವಾ?

ಮೇಸ್ತ್ರಿ: ಹೊಂದಿಸೋಕೆ ಬರಲ್ಲ ಅಂದ್ರೆ ತಪ್ಪಿಲ್ಲ ಅಂತಲ್ಲ. ಕ್ಯಾಂಬರ್ ತಪ್ಪಿದ್ರೆ ಏನೋ ಬಗ್ಗಿದೆ ಅಂತ ಅರ್ಥ. ಲೋಯರ್ ಆರ್ಮ್ ಬಗ್ಗಿರಬಹುದು, ಸ್ಟ್ರಟ್ ಬಗ್ಗಿರಬಹುದು. ಬಗ್ಗಿದ್ದನ್ನ ಹುಡುಕಿ ಬದಲಾಯಿಸಬೇಕು. ಕ್ಯಾಂಬರನ್ನ ಹೇಗೆ ನೋಡ್ತೀಯ?

ಯುವತಿ: ತೂಕದ ಗುಂಡು ಇಳಿಬಿಟ್ಟು. ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಎಷ್ಟು ವ್ಯತ್ಯಾಸ ಅಂತ. ನನ್ನ ರಿಮ್ಮಿಗೆ 1 ಡಿಗ್ರಿ ಅಂದ್ರೆ 5.8 ಮಿಲಿಮೀಟರ್. ಎಡ ಬಲ ಹೋಲಿಸಿದ್ರೆ ಬಗ್ಗಿರೋದು ಯಾವ ಕಡೆ ಅಂತ ಗೊತ್ತಾಗುತ್ತೆ. ಹಿಂದಿನ ಚಕ್ರಗಳನ್ನೂ ದಾರದಿಂದ ನೋಡಿದೆ. ಹಿಂದಿನ ಆಕ್ಸಲ್ ಓರೆ ಕೂತಿದ್ರೆ ಮುಂದಿನ ಟೋ ಎಷ್ಟೇ ಸರಿ ಮಾಡಿದ್ರೂ ಸ್ಟೇರಿಂಗ್ ಓರೆ ಹಿಡಿದೇ ಓಡಿಸಬೇಕು. ಬರೀ ಮುಂದಿನ ಎರಡು ಚಕ್ರ ನೋಡಿ ಕಳಿಸೋ ಅಂಗಡಿಗಿಂತ ನನ್ನ ದಾರ ವಾಸಿ.

ಮೇಸ್ತ್ರಿ: ಅದನ್ನ ಒಪ್ಪಿದೆ. ಆದರೆ ನಿನ್ನ ದಾರಕ್ಕೆ ಸಿಗದೆ ಇರೋದೂ ಇದೆ. ಗಾಡಿ ಎಡಕ್ಕೆ ಎಳೀತಾ ಇದೆ ಅಂತಾರೆ. ನಮ್ಮ ರಸ್ತೆಗಳು ನಡು ಎತ್ತರ, ಅಂಚು ತಗ್ಗು. ನಾವು ಓಡಿಸೋದು ಎಡಗಡೆ. ಸ್ವಲ್ಪ ಎಡಕ್ಕೆ ಹೋಗೋದು ಸಹಜ. ಅದಕ್ಕಿಂತ ಜಾಸ್ತಿ ಎಳೆದ್ರೆ ಮುಂದಿನ ಎರಡು ಟೈರು ಅದಲು ಬದಲು ಮಾಡು. ಎಳೆತ ಬಲಕ್ಕೆ ತಿರುಗಿದ್ರೆ ತೊಂದರೆ ಟೈರಿನದು. ಓಡಿಸಿ ಬಂದು ರಿಮ್ಮಿನ ಹತ್ತಿರ ಕೈ ಹಿಡಿ. ಒಂದು ಕಡೆ ಮಾತ್ರ ಬಿಸಿ ಇದ್ರೆ ಬ್ರೇಕ್ ಹಿಡ್ಕೊಂಡಿದೆ. ಇದಕ್ಕೆಲ್ಲ ಅಲೈನ್‌ಮೆಂಟ್ ಮಾಡಿಸಿದವರನ್ನ ನಾನು ಎಷ್ಟೋ ಜನ ನೋಡಿದ್ದೀನಿ.

ಯುವತಿ: ಇದನ್ನೆಲ್ಲ ನನಗೆ ಬರೆದು ಕೊಡಿ. 800ಕ್ಕೆ 13 ಇಂಚಿನ ಅಲಾಯ್ ಹಾಕೋಣ ಅಂತಿದ್ದೀನಿ, ಸ್ಪ್ರಿಂಗ್ ತುಸು ಗಿಡ್ಡ ಮಾಡಿ...

ಮೇಸ್ತ್ರಿ: ಅದು ಬೇಡ ತಾಯಿ. ಸ್ಪ್ರಿಂಗ್ ಕತ್ತರಿಸಿದ್ರೆ ಗಾಡಿ ಕೂರುತ್ತೆ, ಟೈ ರಾಡಿನ ಕೋನ ಬದಲಾಗಿ ಟೋ ಹೋಗುತ್ತೆ, ಗುಂಡಿ ಬಂದ್ರೆ ಸ್ಟ್ರಟ್ಟು ತಳ ಕಾಣುತ್ತೆ. ಅಗಲ ಚಕ್ರ ಹೊರಕ್ಕೆ ಬಂದ್ರೆ ಬೇರಿಂಗ್ ಮೇಲೆ ಭಾರ. ಪವರ್ ಇಲ್ಲದ ಸ್ಟೇರಿಂಗ್ ಇನ್ನೂ ಗಡಸಾಗುತ್ತೆ.

ಯುವತಿ: ಎಲ್ಲರೂ ಮಾಡ್ತಾರಲ್ಲ!

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೋದದ್ದನ್ನು ಮೂಲದಂತೆ ಸರಿಪಡಿಸುವುದಕ್ಕೆ ಈ ತಡೆಯಿಲ್ಲ. ಪ್ರಾಜೆಕ್ಟ್ ಕಾರಿನ ಹುಮ್ಮಸ್ಸಿನಲ್ಲಿ ಈ ಎರಡರ ನಡುವಿನ ಅಂತರ ಮರೆತುಹೋಗುತ್ತದೆ. ಯುವತಿ ಅಲಾಯ್ ವಿಚಾರ ಅಲ್ಲಿಗೆ ಬಿಟ್ಟಳು, ಮನಸ್ಸಿನಿಂದ ಬಿಟ್ಟಂತೆ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಹೊಸ ಟೈ ರಾಡ್ ಎಂಡ್ ಕೂತವು. ಕಾಟರ್ ಪಿನ್ ತೂತು ಬಲಗಡೆ ಸರಿ ಬರಲಿಲ್ಲ. ಅವಳು ಇನ್ನಷ್ಟು ಬಿಗಿ ಮಾಡಿ ಹೊಂದಿಸಿದಳು. ಟೋ ತರುವಾಗ ಕೆಲಸ ನಿಧಾನವಾಯಿತು. ಸಣ್ಣ ಕಾರಿನಲ್ಲಿ ಟೈ ರಾಡನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಚಕ್ರ ಸುಮಾರು ಅರ್ಧ ಡಿಗ್ರಿ ಹೊರಳುತ್ತದೆ. ಬೇಕಾದದ್ದು ಅದಕ್ಕಿಂತ ಕಡಿಮೆ. ಯಾವ ಕಡೆ ತಿರುಗಿಸಿದರೆ ಒಳಕ್ಕೆ, ಯಾವ ಕಡೆ ಹೊರಕ್ಕೆ ಎಂಬುದು ರಾಡು ಆಕ್ಸಲ್ಲಿನ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ನಿಂತಿದೆ. ತಿರುಗಿಸು, ಚೆಕ್‌ನಟ್ ಬಿಗಿ ಮಾಡು, ಗಾಡಿ ಉರುಳಿಸು, ಮತ್ತೆ ಅಳೆ. ಬಿಗಿ ಮಾಡುವಾಗಲೂ ಅಳತೆ ತುಸು ಜರುಗುತ್ತದೆ. ಮೇಸ್ತ್ರಿ ದಾರ ಕಾಯುತ್ತ ನಿಂತರು.

ಯುವತಿ: ಎರಡೂ ಕಡೆ ವ್ಯತ್ಯಾಸ ಅರ್ಧ ಮಿಲಿಮೀಟರಿನ ಒಳಗೆ ಬಂತು. ಈಗ ಹೇಳಿ, ಮೆಷಿನ್ ಬೇಕಾ?

ಮೇಸ್ತ್ರಿ: ಬೇಕು. ನಿನ್ನನ್ನ ನಂಬಲ್ಲ ಅಂತಲ್ಲ. ಪ್ಲೇ ಇಲ್ಲ ಅಂತ ನೋಡಿದ್ದು ನಾನು, ಅಳೆದಿದ್ದು ನೀನು, ಇಬ್ಬರೂ ಇದೇ ಶೆಡ್ಡಿನಲ್ಲಿ. ಮೂರನೆಯವರು ಒಬ್ಬರು ನೋಡಲಿ. ವ್ಯಾಗನ್ ಆರ್‌ಗಂತೂ ಹೋಗಲೇಬೇಕು. ಎಲೆಕ್ಟ್ರಿಕ್ ಸ್ಟೇರಿಂಗ್ ಇರೋ ಎಷ್ಟೋ ಹೊಸ ಗಾಡಿಗಳಲ್ಲಿ ಅಲೈನ್‌ಮೆಂಟ್ ಆದ ಮೇಲೆ ನಡು ಯಾವುದು ಅಂತ ಸೆನ್ಸರಿಗೂ ಹೇಳಿಕೊಡಬೇಕು. ಅದಕ್ಕೆ ಸ್ಕ್ಯಾನರ್ ಬೇಕು, ನಿನ್ನ ಗಾಳದ ದಾರ ಅಲ್ಲಿ ಸಾಲದು.

ಯುವತಿ: ಹೋಗ್ತೀನಿ. ನನ್ನ ಅಳತೆಯ ಚೀಟಿಯನ್ನೂ ಜೊತೆಗೆ ತಗೊಂಡು ಹೋಗ್ತೀನಿ. ಎರಡೂ ತಾಳೆಯಾದ್ರೆ ಮುಂದಿನ ಸಲ ಇಲ್ಲೇ ಮಾಡ್ತೀನಿ.

ಮೇಸ್ತ್ರಿ: ತಾಳೆಯಾಗಲಿಲ್ಲ ಅಂದ್ರೆ?

ಯುವತಿ: ಯಾರದು ತಪ್ಪು ಅಂತ ಇಬ್ಬರೂ ಹುಡುಕೋಣ. ಮೆಷಿನ್ನಿಗೂ ಕ್ಯಾಲಿಬ್ರೇಷನ್ ಇರುತ್ತಲ್ಲ.

ಮೇಸ್ತ್ರಿ ಇದಕ್ಕೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಬ್ರೇಕ್, ಸ್ಟೇರಿಂಗ್ ಕೆಲಸ ಮನೆಯಲ್ಲಿ ಬೇಡ ಎಂಬ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಸ್ಟ್ರಟ್ ಬಿಚ್ಚುವ ಯೋಚನೆಯನ್ನು ಅವಳೂ ಬಿಡಲಿಲ್ಲ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು: ಮುಂದಿನ ಸಲ ಅಲೈನ್‌ಮೆಂಟಿಗೆ ಹೋದಾಗ ಮೆಷಿನ್ ಹಚ್ಚುವ ಮೊದಲು ಟೈರಿನ ಗಾಳಿ ನೋಡಿಸಿ, ಮುಂದಿನ ಚಕ್ರಗಳನ್ನು ಎತ್ತಿ ಅಲ್ಲಾಡಿಸಿ ಪ್ಲೇ ಇದೆಯೇ ಎಂದು ನಿಮ್ಮ ಎದುರಿಗೇ ತೋರಿಸಲು ಹೇಳಿ, ಸ್ಟೇರಿಂಗಿಗೆ ಕ್ಲಾಂಪ್ ಹಾಕಿದ್ದಾರೆಯೇ ಗಮನಿಸಿ. ಹೊಂದಿಸುವ ಮುಂಚಿನ ಪ್ರಿಂಟೌಟ್, ಆಮೇಲಿನ ಪ್ರಿಂಟೌಟ್ ಎರಡನ್ನೂ ಕೇಳಿ ಪಡೆದು ಗಾಡಿಯಲ್ಲೇ ಇಟ್ಟುಕೊಳ್ಳಿ.